ಕೋಳಿ ಹೊದಿಸಿದ ಕಂಬಳಿ

ಕಾರೆಕಟ್ಟೆ ಗೊಲ್ಲರಹಟ್ಟಿಗೆ ಬರುವ ಯಾವ ಪದಾರ್ಥವಾದರೂ ಮೊದಲು ಬೇಲಿಯ ಹೊರಗೆ ನಿಂತು ಒಂದು ಪ್ರಶ್ನೆಗೆ ಉತ್ತರ ಕೊಡಬೇಕಿತ್ತು. ಇದರಲ್ಲಿ ಕೋಳಿ ಇದೆಯೇ? ಶಿರಾದಿಂದ ಪಾವಗಡದ ಕಡೆ ಹೋಗುವ ಬಸ್ಸಿನಿಂದಿಳಿದು ಜಾಲಿಯ ನಡುವೆ ನಡೆದರೆ ಸಿಗುವ ಆ ಹಟ್ಟಿಯ ಸುತ್ತ ಎದೆಮಟ್ಟದ ಕಾರೆಮುಳ್ಳಿನ ಬೇಲಿ. ಒಳಗೆ ಕುರಿಗಳಿದ್ದವು, ಮೇಕೆಗಳಿದ್ದವು, ಕುರಿಗಳಿಗಿಂತ ಹೆಚ್ಚು ಗತ್ತಿನ ನಾಯಿಗಳಿದ್ದವು. ಕೋಳಿ ಮಾತ್ರ ಇರಲಿಲ್ಲ. ಸಾಕುವಂತಿಲ್ಲ, ತಿನ್ನುವಂತಿಲ್ಲ, ಪಕ್ಕದೂರಿನ ಕೋಳಿಯ ಪುಕ್ಕ ಗಾಳಿಗೆ ಹಾರಿ ಬಂದು ಬಿದ್ದರೂ ಆ ಜಾಗಕ್ಕೆ ಗಂಜಲ ಚಿಮುಕಿಸಬೇಕು. ಯಾಕೆ ಎಂದು ಕೇಳಿದರೆ ಹಟ್ಟಿಯ ಪ್ರತಿಯೊಬ್ಬರ ಬಳಿಯೂ ಒಂದು ಕಾರಣವಿತ್ತು, ಒಬ್ಬರ ಕಾರಣ ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ. ಅದರಿಂದ ಕಟ್ಟಳೆಗೇನೂ ಧಕ್ಕೆಯಾಗಿರಲಿಲ್ಲ.

ಹಿಂದೊಮ್ಮೆ ತುಮಕೂರಿನಲ್ಲಿ ಕೆಲಸಕ್ಕಿದ್ದ ಅಳಿಯನೊಬ್ಬ ಬೇಕರಿಯಿಂದ ಕೇಕು ತಂದು ಹಂಚಿದ್ದ. ಅದರಲ್ಲಿ ಮೊಟ್ಟೆ ಇತ್ತೆಂಬುದು ತಿಂದು ಮುಗಿದ ಮೇಲೆ ತಿಳಿಯಿತು. ತಿಂದವರೆಲ್ಲ ಪೂಜಾರಿ ದಾಸಣ್ಣನ ಮುಂದೆ ಸಾಲಾಗಿ ನಿಂತು, ಕಾಯಿಸಿದ ಎಕ್ಕದ ಕಡ್ಡಿಯನ್ನು ನಾಲಿಗೆಗೆ ಮುಟ್ಟಿಸಿಕೊಂಡು ಶುದ್ಧರಾದರು. ಕೇಕು ಚೆನ್ನಾಗಿತ್ತು ಎಂದು ಭೀಮಕ್ಕ ನಾಲಿಗೆ ಸುಡಿಸಿಕೊಂಡ ಮೇಲೂ ಹೇಳುತ್ತಿದ್ದಳು.

ಎಂಬತ್ತನಾಲ್ಕನೆಯ ಇಸವಿಯ ಕಾರ್ತಿಕದಲ್ಲಿ ಇಂಥ ಹಟ್ಟಿಯ ಮುಂದೆ ಆರೋಗ್ಯ ಇಲಾಖೆಯ ಜೀಪು ಬಂದು ನಿಂತಿತು. ಅದರಿಂದ ಡಾಕ್ಟರ್ ಶಂಕರಲಿಂಗಪ್ಪ ಇಳಿದರು. ಮಧುಗಿರಿ ಕಡೆಯವರು, ನಡುವಯಸ್ಸು, ದಪ್ಪ ಕನ್ನಡಕ. ಹಟ್ಟಿಯ ರೀತಿ ಬಲ್ಲವರಾದ್ದರಿಂದ ಬೂಟು ಬಿಚ್ಚಿ ಬೇಲಿಯ ಹೊರಗಿಟ್ಟು, ಹುಣಸೆಮರದ ಕೆಳಗಿನ ಕಲ್ಲಿನ ಮೇಲೆ ಕೂತರು. ಮನುಷ್ಯ ಒಳ್ಳೆಯವರು. ಅವರಲ್ಲಿದ್ದ ಒಂದೇ ಐಬೆಂದರೆ, ಯಾರಾದರೂ ಏನಾದರೂ ಕೇಳಿದರೆ ಪೂರಾ ಉತ್ತರ ಹೇಳದೆ ಬಿಡುತ್ತಿರಲಿಲ್ಲ. ದಾರಿ ಕೇಳಿದವನಿಗೆ ಆ ದಾರಿ ಯಾವ ಕಾಲದಲ್ಲಿ ಆಯಿತು ಎಂಬುದನ್ನೂ ಹೇಳಿ ಕಳಿಸುವ ಜಾತಿ. ಅವರ ಡ್ರೈವರ್ ಓಬಳಯ್ಯ ಐಸಿನ ಫ್ಲಾಸ್ಕನ್ನು ಕೂಸಿನಂತೆ ಎತ್ತಿಕೊಂಡು ಹಿಂದೆ ನಿಂತ.

ಫ್ಲಾಸ್ಕಿನಲ್ಲಿದ್ದದ್ದು ಮಂಗನ ಕಾಯಿಲೆಗೆ ಹಾಕುವ ಸೂಜಿಯ ಮದ್ದು. ಕಾರೆಕಟ್ಟೆಯ ಗಂಡಸರು ಪ್ರತಿ ವರ್ಷ ಮಳೆಗಾಲ ಕಳೆಯುತ್ತಿದ್ದಂತೆ ಕುರಿ ಹೊಡೆದುಕೊಂಡು ಮಲೆನಾಡಿನ ಅಂಚಿಗೆ ಹೋಗುವವರು. ಕೊಯ್ದ ಗದ್ದೆಯಲ್ಲಿ ಮಂದೆ ನಿಲ್ಲಿಸಿದರೆ ಅಲ್ಲಿಯವರಿಗೆ ಗೊಬ್ಬರ, ಇವರ ಕುರಿಗೆ ಮೇವು. ಹಿಂದಿನ ವರ್ಷ ಮೇವು ಸಾಲದೆ ಕಾಡಿನೊಳಕ್ಕೆ ಕುರಿ ಬಿಟ್ಟಿದ್ದರು. ಅಲ್ಲಿ ಕುರಿ, ಮಂಗಗಳ ಮೈಗಂಟುವ ಉಣುಗು ಕಚ್ಚಿ, ಜ್ವರ ಬಂದು, ವಸಡಿನಲ್ಲಿ ರಕ್ತ ಸುರಿದು ಕ್ಯಾತಪ್ಪ ಸತ್ತ. ಆಮೇಲೆ ಇಲಾಖೆಗೆ ಈ ಹಟ್ಟಿ ಎಲ್ಲಿದೆಯೆಂದು ಗೊತ್ತಾಯಿತು.

ಕ್ಯಾತಪ್ಪನ ಹೆಂಡತಿ ಪುಟ್ಟಕ್ಕ ಬೇಲಿಯ ಒಳಗೆ ಹೆಂಗಸರ ನಡುವೆ ನಿಂತು ಫ್ಲಾಸ್ಕನ್ನೇ ನೋಡುತ್ತಿದ್ದಳು. ಅವಳಿಗಿದ್ದವನು ಒಬ್ಬನೇ ಮಗ, ಯತ್ತಪ್ಪ. ಮುಂದಿನ ವಾರ ಮಂದೆ ಹೊರಡುತ್ತದೆ, ಅಪ್ಪನ ಜಾಗದಲ್ಲಿ ಅವನು ಹೋಗಬೇಕು. ಹೋಗಬೇಡ ಎಂದರೆ ಕುರಿ ಉಳಿಯುವುದಿಲ್ಲ, ಹೋಗು ಎಂದರೆ ಮಗ ಉಳಿಯುತ್ತಾನೋ ಇಲ್ಲವೋ. ವರ್ಷವಿಡೀ ಇದನ್ನೇ ನೆನೆದು ನೆನೆದು ಅವಳು ಬಡಕಲಾಗಿದ್ದಳು. ಇಂಥ ಮದ್ದೊಂದು ಇದೆಯೆಂದು ಕೇಳಿದ ದಿನದಿಂದ ಅವಳು ಕಾದದ್ದು ಜೀಪಿಗೆ, ಜೀಪೂ ಬಂದಿತ್ತು. ಇನ್ನು ಆ ಸೂಜಿ ಮಗನ ತೋಳಿಗೆ ಇಳಿದರೆ ಅವಳಿಗೆ ಬೇರೇನೂ ಬೇಕಿರಲಿಲ್ಲ.

ದಾಸಣ್ಣ ಕಂಬಳಿ ಹಾಸಿ ಡಾಕ್ಟರ ಎದುರಿಗೆ ಕೂತ. ಕೇಳಬೇಕಾದ್ದನ್ನೇ ಕೇಳಿದ.

“ಮದ್ದನ್ನ ಯಾತರಾಗೆ ಮಾಡ್ತಾರೆ ಸೋಮಿ?”

“ಫ್ಯಾಕ್ಟ್ರೀಲಿ ಅನ್ನಿ ಸಾರ್,” ಎಂದು ಓಬಳಯ್ಯ ಹಿಂದಿನಿಂದ ಮೆತ್ತಗೆ ಹೇಳಿದ. ಅವನು ಹಳ್ಳಿ ಕಂಡವನು. ಆದರೆ ಡಾಕ್ಟರು ಆಗಲೇ ಕನ್ನಡಕ ಒರೆಸಿಕೊಳ್ಳಲು ಶುರುಮಾಡಿದ್ದರು. ಕನ್ನಡಕ ಒರೆಸಿಕೊಂಡರೆಂದರೆ ಊಟದ ಹೊತ್ತು ಮೀರಿತೆಂದೇ ಅರ್ಥ.

“ಒಳ್ಳೇ ಪ್ರಶ್ನೆ ಕೇಳಿದಿರಿ ಅಜ್ಜ. ಅದು ಗೊತ್ತಾಗಬೇಕಾದ್ರೆ ಈ ಕಾಯಿಲೆ ಏನು ಮಾಡುತ್ತೆ ಅನ್ನೋದು ಮೊದಲು ಗೊತ್ತಾಗಬೇಕು. ಇದನ್ನ ವೈರಸ್ ಅಂತೀವಿ. ಉಣುಗಿನ ಜೊಲ್ಲಿನಲ್ಲಿ ಕೂತು ಬರುತ್ತೆ. ಇದಕ್ಕೆ ಒಲೆ ಇಲ್ಲ, ಪಾತ್ರೆ ಇಲ್ಲ, ಹಿಟ್ಟಿಲ್ಲ. ಇರೋದೆಲ್ಲ ಒಂದು ಚೀಟಿ. ನನ್ನಂಥವನನ್ನ ಮಾಡಿ, ಮಾಡೋದು ಹೀಗೆ, ಅಂತ ಅದರಲ್ಲಿ ಬರೆದಿರುತ್ತೆ. ಅಷ್ಟೇ ಅದರ ಬದುಕು.”

“ಚೀಟಿ ಹಿಡ್ಕಂಡು ಎಲ್ಲಿಗೋಯ್ತದೆ?” ಎಂದು ಯಾರೋ ಕೇಳಿದರು.

“ನಮ್ಮ ಮೈಯಲ್ಲಿ ಲೆಕ್ಕವಿಲ್ಲದಷ್ಟು ಸಣ್ಣ ಸಣ್ಣ ಮನೆಗಳಿವೆ. ಜೀವಕೋಶ ಅಂತೀವಿ. ಪ್ರತಿ ಮನೆ ಬಾಗಿಲಲ್ಲೂ ಪ್ರೋಟೀನು ಅಂತ ಒಂದು ಕಾವಲು. ಬೇಕಾದ್ದನ್ನ ಒಳಕ್ಕೆ ಕರ್ಕೊಳ್ಳೋದು ಅದರ ಕೆಲಸ. ವೈರಸ್ ಬಂದು ನೇರ ಅದರ ಕೈ ಹಿಡಿಯುತ್ತೆ. ಕಾವಲಿಗೆ ಇವನು ಯಾರೋ ನೆಂಟ ಅನ್ನಿಸಿ ಒಳಗೆ ಕರೆದುಬಿಡುತ್ತೆ. ಒಳಗೆ ಅಡಿಗೆ ಮಾಡೋ ಪ್ರೋಟೀನುಗಳಿವೆ. ಅವಕ್ಕೆ ಚೀಟಿ ಕೈಗೆ ಕೊಟ್ಟರೆ ಸಾಕು, ಬರೆದವರು ಯಾರು ಅಂತ ಕೇಳೋದಿಲ್ಲ, ಬರೆದದ್ದನ್ನ ಮಾಡಿ ಇಡುತ್ತವೆ. ಒಂದು ಉದ್ದನೆಯ ಸರದ ಹಾಗೆ ಬರುತ್ತೆ. ಅದನ್ನ ತುಂಡು ಮಾಡೋ ಕತ್ತಿ ಸ್ವಲ್ಪ ವೈರಸ್ಸಿಂದು, ಸ್ವಲ್ಪ ಆ ಮನೆಯವರದೇ. ಹೀಗೆ ಒಬ್ಬ ಬಂದವನು ಸಾವಿರ ಜನ ಆಗ್ತಾನೆ.”

“ನಮ್ ಚಿಕ್ ನಾದ್ನಿ ಗಂಡ ಬಂದಂಗೆ,” ಎಂದಳು ಭೀಮಕ್ಕ. ಅವಳು ಪುಟ್ಟಕ್ಕನ ವಾರಗಿತ್ತಿ. ನಾದಿನಿಯ ಗಂಡ ಗಂಡಸರ ಸಾಲಿನಲ್ಲೇ ಕೂತಿದ್ದ, ಅವನೂ ತಲೆಯಾಡಿಸಿದ.

ಜನ ಕಿವಿಗೊಟ್ಟದ್ದು ಕಂಡು ಡಾಕ್ಟರಿಗೆ ಹುರುಪು ಬಂತು. ಕುರಿಗಾರರ ಹಟ್ಟಿಗೆ ತಕ್ಕ ಮಾತೊಂದನ್ನು ಅವರು ಜೀಪಿನಲ್ಲೇ ಯೋಚಿಸಿಕೊಂಡು ಬಂದಿದ್ದರು.

“ಹೊರಡುವಾಗ ಏನು ಮಾಡುತ್ತೆ ಗೊತ್ತಾ? ಆ ಮನೆಯ ಪೊರೆಯನ್ನೇ ಒಂದು ಕಂಬಳಿ ಥರ ಹೊದ್ಕೊಂಡು ಹೋಗುತ್ತೆ. ಮಂಗನ ಮೈಯಿಂದ ಹೊರಟರೆ ಮಂಗನ ಕಂಬಳಿ. ಉಣುಗಿನ ಮೈಯಿಂದ ಹೊರಟರೆ ಉಣುಗಿನ ಕಂಬಳಿ. ಮನುಷ್ಯನ ಮೈಯಿಂದ ಹೊರಟರೆ ಮನುಷ್ಯಂದು.”

ಗಂಡನನ್ನು ಕೊಂದದ್ದು ಎಲ್ಲಿಂದಲೋ ಬಂದ ಮಾರಿ ಎಂದು ಪುಟ್ಟಕ್ಕ ಇಷ್ಟು ದಿನ ತಿಳಿದಿದ್ದಳು. ಈಗ ಈ ಪುಣ್ಯಾತ್ಮರು, ಅದನ್ನು ಮಾಡಿದ್ದು ಕ್ಯಾತಪ್ಪನ ಮೈಯೇ, ಮಾಡಿ ಕಂಬಳಿ ಹೊದಿಸಿ ಕಳಿಸಿದ್ದೂ ಅವನ ಮೈಯೇ ಎನ್ನುತ್ತಿದ್ದರು. ಮನೆಗೆ ಬಂದವರನ್ನು ಉಪಚರಿಸದೆ ಕಳಿಸಿದವನಲ್ಲ ಅವನು. ಅಲ್ಲೂ ಹಾಗೇ ಮಾಡಿದನೇನೋ ಎಂದು ಅವಳಿಗೆ ದುಃಖವೂ ಸಿಟ್ಟೂ ಒಟ್ಟಿಗೆ ಬಂತು.

“ಅದೆಲ್ಲ ಸರಿ ಸೋಮಿ,” ಎಂದ ದಾಸಣ್ಣ. ಕೇಳಿದ ಪ್ರಶ್ನೆಯನ್ನು ಮರೆಯುವ ಮನುಷ್ಯ ಪೂಜಾರಿಯಾಗುವುದಿಲ್ಲ. “ಮದ್ದು ಯಾತರಾಗೆ?”

“ಅದಕ್ಕೇ ಬಂದೆ. ಮದ್ದು ಅಂದ್ರೆ ಅದೇ ವೈರಸ್ಸನ್ನ ಬೆಳೆಸಿ ಕೊಂದು ಇಟ್ಟಿರೋದು. ಬೆಳೆಸೋಕೆ ಒಂದು ಜೀವದ ಮನೆ ಬೇಕಲ್ಲ? ಲ್ಯಾಬಿನಲ್ಲಿ ಕೋಳಿಮೊಟ್ಟೆಯೊಳಗಿನ ಮರಿಯ ಜೀವಕೋಶದಲ್ಲಿ ಬೆಳೆಸ್ತಾರೆ.”

ಆ ಮಾತಿಗೆ ಹಟ್ಟಿಯ ನಾಯಿಗಳೂ ಸುಮ್ಮನಾದವು ಎಂದು ಆಮೇಲೆ ಕೆಲವರು ಹೇಳಿದ್ದುಂಟು. ನಾಯಿಗಳು ಸುಮ್ಮನಾಗಲಿಲ್ಲ, ಬೊಗಳುತ್ತಲೇ ಇದ್ದವು. ಮೊದಲ ಸಾಲಿನಲ್ಲಿ ಕೂತವರು ಕಂಬಳಿ ಕೊಡವಿ ಎದ್ದರು. ಹಿಂದಿನವರು ಅದಕ್ಕೂ ಮುಂಚೆ ಎದ್ದಿದ್ದರು. ಓಬಳಯ್ಯ ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡಿದ.

“ಸತ್ತಿರೋ ವೈರಸ್ ಅಜ್ಜ, ಕೋಳಿ ಅಲ್ಲ,” ಎಂದರು ಡಾಕ್ಟರು.

“ಕೋಳಿ ಮನೇಲಿ ಹುಟ್ಟಿ, ಕೋಳಿ ಹಿಟ್ಟು ತಿಂದು, ಕೋಳಿ ಕಂಬಳಿ ಹೊದ್ಕಂಡು ಬಂದದ್ದನ್ನ ಏನನ್ನನಾ ಸೋಮಿ?” ಎಂದ ದಾಸಣ್ಣ. ಅವನ ದನಿಯಲ್ಲಿ ಜಗಳವಿರಲಿಲ್ಲ. “ನೀವೇ ಅಂದ್ರಿ. ನಾವು ಅಂದಿದ್ದಲ್ಲ.”

ಡಾಕ್ಟರು ತಾವು ಕೊಟ್ಟ ವಿವರಣೆಯಲ್ಲಿ ಎಲ್ಲಿ ತಪ್ಪಿತೆಂದು ಹುಡುಕುತ್ತ ಬೂಟಿನ ಕಡೆ ನಡೆದರು. ತಪ್ಪು ಸಿಗಲಿಲ್ಲ, ಯಾಕೆಂದರೆ ತಪ್ಪಿರಲಿಲ್ಲ.

ಪುಟ್ಟಕ್ಕ ಅವರು ಬೂಟಿಗೆ ಕಾಲು ತೂರಿಸುವುದನ್ನು ನೋಡಿದಳು. ಒಂದು ಬೂಟು ಹಾಕಿದರು, ಇನ್ನೊಂದನ್ನು ಕೈಗೆತ್ತಿಕೊಂಡರು. ಅದನ್ನೂ ಹಾಕಿಕೊಂಡರೆ ಮದ್ದು ಹೋದಂತೆ, ಮದ್ದು ಹೋದರೆ ಮಗನೂ ಹೋದಂತೆ. ಅವಳ ಬಾಯಿಂದ ಮಾತು ತಾನಾಗಿ ಬಂತು.

“ಬೀಜ ಎಲ್ಲಿಂದ ತಂದ್ರಿ ಸೋಮಿ?”

ಪ್ರಶ್ನೆ ಕೇಳಿದ್ದೇ ತಡ ಡಾಕ್ಟರು ಒಂದೇ ಬೂಟಿನಲ್ಲಿ ತಿರುಗಿದರು. “ಯಾವ ಬೀಜ ತಾಯಿ?”

“ಕೋಳಿ ಒಳಕ್ಕೆ ಬುಡಾಕೆ ಮೊದ್ಲು ಒಂದು ಕಾಯ್ಲೆ ಬೇಕಲ್ಲ. ಅದು ಎಲ್ಲಿತ್ತು?”

“ಕಾಯಿಲೆ ಬಂದ ಯಾರದಾದರೂ ರಕ್ತದಿಂದ ತೆಗೆದಿರ್ತಾರೆ.”

“ಅಂಗಾರೆ ಇದು ನಮ್ ಯತ್ತಪ್ಪನ ಅಪ್ಪಂದು,” ಎಂದಳು ಪುಟ್ಟಕ್ಕ. ಗಂಡನ ಹೆಸರು ಹೇಳುವ ಹೆಂಗಸಲ್ಲ ಅವಳು. “ಆಸ್ಪತ್ರೆಯಾಗೆ ನಾನೇ ಪಕ್ದಾಗಿದ್ದೆ. ಒಂದು ಸೀಸೆ ರಕ್ತ ತಗಂಡು ಹೋದ್ರು. ದೊಡ್ಡೂರಿಗೆ ಕಳಿಸಿ ಮದ್ದು ಮಾಡ್ತೀವಿ ಅಂದ್ರು.”

ಇದು ಶುದ್ಧ ಸುಳ್ಳು. ಆಸ್ಪತ್ರೆಯಲ್ಲಿ ಪಕ್ಕದಲ್ಲಿದ್ದದ್ದು ನಿಜ, ಇದ್ದವಳು ಅವಳೊಬ್ಬಳೇ. ಮಗ ಮಂದೆ ಬಿಟ್ಟು ಬರುವಂತಿರಲಿಲ್ಲ. ಆದರೆ ರಕ್ತ ತೆಗೆಯುವವನು ಊರಲ್ಲಿರಲಿಲ್ಲ, ನಾಳೆ ಬರುತ್ತಾನೆ ಎಂದಿದ್ದರು, ನಾಳೆ ಎನ್ನುವಷ್ಟರಲ್ಲಿ ಎಲ್ಲ ಮುಗಿದಿತ್ತು, ಮಣ್ಣೂ ಆ ಊರಲ್ಲೇ ಆಯಿತು. ಕ್ಯಾತಪ್ಪನ ಮೈಯಿಂದ ಯಾರೂ ಏನೂ ತೆಗೆದುಕೊಂಡು ಹೋಗಿರಲಿಲ್ಲ. ಇದನ್ನು ಬಲ್ಲವರು ಹಟ್ಟಿಯಲ್ಲಿ ಬೇರೆ ಯಾರೂ ಇಲ್ಲವೆಂಬ ಧೈರ್ಯದ ಮೇಲೆ ಅವಳು ಮಾತಾಡಿದ್ದು.

“ಮಾವ,” ಎಂದು ಅವಳು ದಾಸಣ್ಣನ ಕಡೆ ತಿರುಗಿದಳು. “ನಮ್ಮೋರು ಪರಸ್ಥಳಕ್ಕೆ ಹೋದಾಗ ಕಂಡೋರ ಜಗಲೀಲಿ ಮಲಗಾಕಿಲ್ವಾ? ಕಂಡೋರ ಹಿಟ್ಟು ತಿನ್ನಾಕಿಲ್ವಾ? ಮಳೆ ಬಂದ್ರೆ ಕಂಡೋರ ಕಂಬಳಿ ಹೊದ್ಕಣಾಕಿಲ್ವಾ? ಬಂದ ಮೇಲೆ ಎಕ್ಕದ ಕಡ್ಡಿ ಮುಟ್ಸಿ ನೀನೇ ಒಳಕ್ಕೆ ಕರ್ಕಂತೀಯ. ಇವ್ನೂ ಅಂಗೆ. ಮನೆಯೋನೇ. ಹೋಗಿ ಕೋಳಿ ಜಗಲೀಲಿ ಮಲಗಿದ್ದ, ಬಂದವ್ನೆ.”

ಎದ್ದವರು ಮತ್ತೆ ಕೂತರು. ಇದು ನ್ಯಾಯಕ್ಕೆ ಬಿದ್ದ ವಿಷಯ, ನಿಂತುಕೊಂಡು ಮಾತಾಡುವುದಲ್ಲ. ಕೋಳಿಯದಾದರೂ ಕಂಬಳಿ ಕಂಬಳಿಯೇ, ಕಂಬಳಿಗೆ ಮೈಲಿಗೆ ತಾಗುವುದಿಲ್ಲ ಎಂದು ಒಬ್ಬ ವಾದಿಸಿದ. ಕೋಳಿ ಕಂಬಳಿ ನೇಯುವುದನ್ನು ಯಾರು ಕಂಡಿದ್ದಾರೆ ಎಂದು ಇನ್ನೊಬ್ಬ ಕೇಳಿದ. ಡಾಕ್ಟರು ಕಂಡಿದ್ದಾರೆ ಎಂದು ಮೂರನೆಯವನು ಹೇಳಿದ. ದಾಸಣ್ಣ ಎಲ್ಲರನ್ನೂ ಕೈಸನ್ನೆಯಿಂದ ಸುಮ್ಮನಾಗಿಸಿ ಡಾಕ್ಟರನ್ನು ವಿಚಾರಿಸಿದ.

“ಕೋಳಿ ಹೊಟ್ಟೆ ಹೊಕ್ಕು ಬಂದ ಮೇಲೆ ಒಳಗಿನ ಚೀಟಿ ಬದ್ಲಾಯ್ತದಾ ಸೋಮಿ?”

“ಇಲ್ಲ ಅಜ್ಜ. ಯಾರ ಮನೆ ಹೊಕ್ಕರೂ ಚೀಟಿ ಅದೇ. ಹೊದಿಕೆ ಮಾತ್ರ ಬೇರೆ.”

“ಈ ಮದ್ದು ನಮ್ ಕ್ಯಾತಪ್ಪಂದಾ?”

ಡಾಕ್ಟರು ಕನ್ನಡಕ ತೆಗೆದರು. ಆ ಬೀಜ ಯಾವುದು, ಎಷ್ಟು ವರ್ಷ ಹಳೆಯದು, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದೆಲ್ಲ ಅವರಿಗೆ ಬಾಯಿಪಾಠ. ಹೇಳಲು ಶುರುಮಾಡಿದರೆ ಮಧ್ಯಾಹ್ನವಾಗುತ್ತಿತ್ತು. ಪುಟ್ಟಕ್ಕ ಬೇಲಿಯ ಗೂಟ ಹಿಡಿದುಕೊಂಡು ಅವರ ಬಾಯನ್ನೇ ನೋಡಿದಳು. ದೇವರೇ, ಈ ಮನುಷ್ಯನಿಗೆ ಇವತ್ತೊಂದು ದಿನ ಮಾತು ಬರದಿರಲಿ ಎಂದು ಬೇಡಿಕೊಂಡಳು. ಡಾಕ್ಟರು ಅವಳ ಮುಖ ನೋಡಿದರು. ಒರೆಸದೆಯೇ ಕನ್ನಡಕ ಹಾಕಿಕೊಂಡರು.

“ಹೌದು,” ಎಂದರು.

ಆ ದಿನ ಅವರು ಒಂದೇ ಪದದಲ್ಲಿ ಕೊಟ್ಟ ಉತ್ತರ ಅದೊಂದೇ. ಓಬಳಯ್ಯ ಬೆಚ್ಚಿ ಅವರ ಕಡೆ ನೋಡಿದ. ದಾಸಣ್ಣ ಮಾತ್ರ ತೃಪ್ತನಾದ. ಅಲ್ಲಿಯವರೆಗಿನ ಉದ್ದುದ್ದ ಉತ್ತರಗಳಿಗಿಂತ ಇದು ಅವನಿಗೆ ಹೆಚ್ಚು ನಂಬಿಕೆಗೆ ಅರ್ಹವಾಗಿ ಕಂಡಿತು.

ಮುಂದಿನದು ವಿಧಿಯ ವಿಷಯ. ಫ್ಲಾಸ್ಕಿನೊಳಗಿದ್ದ ಮದ್ದಿನ ಬಾಟಲಿಗೆ ನಾಲಿಗೆ ಇಲ್ಲವಾದ್ದರಿಂದ ಎಕ್ಕದ ಕಡ್ಡಿಯನ್ನು ಅದರ ರಬ್ಬರ್ ಮುಚ್ಚಳಕ್ಕೆ ಮುಟ್ಟಿಸುವುದೆಂದಾಯಿತು. ಕಾಯಿಸಿದ ಕಡ್ಡಿ ಬೇಡ, ಮದ್ದು ಕೆಡುತ್ತದೆ ಎಂದು ಡಾಕ್ಟರು ಕೈಮುಗಿದರು. ಸತ್ತವನಿಗೆ ಬಿಸಿಯಾದರೇನು ತಣ್ಣಗಾದರೇನು ಎಂದು ದಾಸಣ್ಣ ಒಪ್ಪಿದ. ಒಪ್ಪಿದ ಮೇಲೆ ಇನ್ನೊಂದು ತೊಡಕು ಹೊಳೆಯಿತು. ಇದು ಸತ್ತ ಕ್ಯಾತಪ್ಪ ಎಂದ ಮೇಲೆ ಸೂತಕದ ಮಾತು ಬರುತ್ತದೆ. ಚುಚ್ಚಿಸಿಕೊಂಡವರೆಲ್ಲ ಸ್ನಾನ ಮಾಡಿಯೇ ಬೇಲಿಯೊಳಗೆ ಬರಬೇಕು ಎಂದು ತೀರ್ಮಾನವಾಯಿತು. ಸ್ನಾನಕ್ಕೆ ಇಲಾಖೆಯ ಅಭ್ಯಂತರವಿಲ್ಲ ಎಂದು ಡಾಕ್ಟರು ಗಂಭೀರವಾಗಿ ತಿಳಿಸಿದರು.

ಹುಣಸೆಮರದ ಕೆಳಗೆ ಸಾಲು ನಿಂತಿತು. ಪ್ರತಿಯೊಬ್ಬನೂ ಬಾಟಲಿಗೆ ಕೈಮುಗಿದು ತೋಳು ಕೊಟ್ಟ. ಭೀಮಕ್ಕನ ಗಂಡ, “ಅಣ್ಣಾ, ನಮ್ಮನ್ನ ಕಾಪಾಡಪ್ಪ,” ಎಂದು ಬಾಟಲಿಗೆ ಹೇಳಿ ಕಣ್ಣೊರೆಸಿಕೊಂಡ. ಬದುಕಿದ್ದಾಗ ಕ್ಯಾತಪ್ಪನೊಂದಿಗೆ ಅವನು ಮಾತು ಬಿಟ್ಟಿದ್ದ.

ಯತ್ತಪ್ಪ ಕುರಿಯ ರೊಪ್ಪದಿಂದ ತಡವಾಗಿ ಬಂದು ಕೊನೆಯಲ್ಲಿ ನಿಂತ. ಇಪ್ಪತ್ತು ದಾಟಿದ ಹುಡುಗ, ಅಪ್ಪನ ಹಾಗೆಯೇ ಉದ್ದ, ಅಪ್ಪನ ಹಾಗೆಯೇ ಮಾತು ಕಡಿಮೆ. ಬಾಟಲಿಯಲ್ಲಿರುವುದು ಯಾರೆಂದು ಅವನಿಗೆ ಸಾಲಿನಲ್ಲೇ ಯಾರೋ ಹೇಳಿದರು. ಅವನು ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡ. ಅಪ್ಪ ಸತ್ತ ಮೇಲೆ ಮಗನ ಮುಖದಲ್ಲಿ ಇಂಥ ಬೆಳಕನ್ನು ಪುಟ್ಟಕ್ಕ ಕಂಡಿರಲಿಲ್ಲ. ಕಂಡು ಅವಳಿಗೆ ಸಂತೋಷವಾಯಿತು, ಒಳಗೊಳಗೇ ಹೆದರಿಕೆಯೂ ಆಯಿತು.

ಸರದಿ ಬಂದಾಗ ಅವನು ಅಂಗಿಯ ತೋಳು ಮಡಿಸಿ ಡಾಕ್ಟರ ಮುಂದೆ ಕೂತ.

“ಒಳಕ್ಕೋದ ಮೇಲೆ ಏನ್ ಮಾಡ್ತದೆ ಸಾ?”

ಪ್ರಶ್ನೆ ಕೇಳಬೇಡ ಮಗನೇ ಎಂದು ಪುಟ್ಟಕ್ಕ ಮನಸ್ಸಿನಲ್ಲೇ ಅಂದುಕೊಂಡಳು. ಆದರೆ ಒಂದು ಸುಳ್ಳಿನ ಭಾರ ಹೊತ್ತು ಕೂತಿದ್ದ ಡಾಕ್ಟರಿಗೆ, ನಿಜ ಹೇಳಬಹುದಾದ ಪ್ರಶ್ನೆ ಸಿಕ್ಕಿದ್ದು ಬಾಯಾರಿದವನಿಗೆ ನೀರು ಸಿಕ್ಕಂತಾಗಿತ್ತು.

“ಚೆನ್ನಾಗಿ ಕೇಳಿದೆ. ನಿನ್ನ ಮೈಯೊಳಗೆ ಕಾದು ತಿರುಗೋ ಪಡೆ ಒಂದಿದೆ. ಅದು ಈ ಸತ್ತದ್ದನ್ನ ಸುತ್ತುವರಿದು ಮುಖ ಗುರುತು ಹಾಕ್ಕೊಳ್ಳುತ್ತೆ. ಮುಂದೆ ಎಂದಾದರೂ ಇದೇ ಮುಖದ್ದು ಜೀವಂತ ಬಂತು ಅನ್ನು, ಬಾಗಿಲು ಮುಟ್ಟೋಕೆ ಬಿಡೋದಿಲ್ಲ. ನೆಂಟ ಅಂತ ಮೋಸ ಹೋಗೋದಿಲ್ಲ. ದಾರಿಯಲ್ಲೇ ಹಿಡಿದು ಕೊಲ್ಲುತ್ತೆ.”

ಯತ್ತಪ್ಪ ಮಡಿಸಿದ ತೋಳನ್ನು ಇಳಿಸಿಕೊಂಡು ಎದ್ದ.

“ನಂಗೆ ಬ್ಯಾಡ ಸಾ,” ಎಂದು ರೊಪ್ಪದ ಕಡೆ ನಡೆದುಬಿಟ್ಟ.

ಸೂಜಿಗೆ ಹೆದರಿದ ಎಂದು ಜನ ನಕ್ಕರು. ಪುಟ್ಟಕ್ಕ ನಗಲಿಲ್ಲ. ಅವಳು ಸೆರಗು ಬಿಗಿದುಕೊಂಡು ಮಗನ ಹಿಂದೆ ಓಡಿದಳು. ಅವನು ರೊಪ್ಪದ ಮೂಲೆಯಲ್ಲಿ ಒಂದು ಮರಿಯನ್ನು ಮೊಣಕಾಲ ನಡುವೆ ಹಿಡಿದು, ಅದರ ಕಿವಿಯಿಂದ ಉಣುಗು ಕೀಳುತ್ತಿದ್ದ. ಕಿತ್ತದ್ದನ್ನು ಕಲ್ಲಿನ ಮೇಲಿಟ್ಟು ಇನ್ನೊಂದು ಕಲ್ಲಿನಿಂದ ಜಜ್ಜುತ್ತಿದ್ದ.

“ಯಾಕ್ಲಾ ಬಂದ್ಬುಟ್ಟೆ? ಎಲ್ರೂ ಚುಚ್ಚಿಸ್ಕಂಡಿಲ್ವಾ?”

“ಎಲ್ರಿಗೂ ಅಪ್ಪ ಅಲ್ಲ ಅವ್ನು.”

“ಅದ್ಕೇನಾತು?”

“ಆಸ್ಪತ್ರೆಗೆ ಗಾಡಿ ಹತ್ತುವಾಗ ನಾಕು ದಿನ ಬುಟ್ಟು ಬತ್ತೀನಿ ಕಣ್ಲಾ, ಕುರಿ ನೋಡ್ಕ ಅಂದ. ನಾನು ಕುರಿ ನೋಡ್ಕಂಡೇ ಇವ್ನಿ. ಈಗ ಅವ್ನ ಮುಖ ಗುರುತಿಟ್ಕಂಡು, ಬಂದ್ರೆ ದಾರೀಲೇ ಕೊಲ್ಲು ಅಂತ ನನ್ ಮಯ್ಗೆ ಕಲಿಸ್ಲಾ ಅ‌ವ್ವ? ಜ್ವರ ಬಂದ್ರೆ ಬರ್ಲಿ. ನಾನು ಅವ್ನಿಗೆ ಬಾಗ್ಲು ಹಾಕಾಕಿಲ್ಲ.”

ಪುಟ್ಟಕ್ಕ ಗೊಬ್ಬರದ ಮೇಲೇ ಕೂತಳು. ಒಬ್ಬ ಮಗನಿಗಾಗಿ ಹೇಳಿದ ಸುಳ್ಳು ಹಟ್ಟಿಯ ಗಂಡಸರನ್ನೆಲ್ಲ ಕಾಪಾಡಿ, ಅವನೊಬ್ಬನನ್ನು ಹೊರಗೆ ಬಿಟ್ಟಿತ್ತು. ನಿಜ ಹೇಳಿದರೆ, ಅದು ಇವನ ಬಾಯಿಂದ ಆಚೆ ಹೋದರೆ, ಅಲ್ಲಿ ತೋಳು ಉಜ್ಜಿಕೊಳ್ಳುತ್ತಿರುವ ಅಷ್ಟೂ ಜನರ ಮೈಯಲ್ಲಿ ಕೋಳಿ ಇದೆಯೆಂದಾಗುತ್ತದೆ. ಅವಳನ್ನು ಬೇಲಿಯ ಹೊರಗೆ ಹಾಕುತ್ತಾರೆ. ಅದಕ್ಕೆ ಅವಳು ಅಷ್ಟು ಹೆದರಲಿಲ್ಲ. ನಿಜ ಹೇಳಬೇಕೆಂದರೆ ಇನ್ನೊಂದು ಮಾತನ್ನೂ ಹೇಳಬೇಕಾಗುತ್ತಿತ್ತು, ಅವಳಿಗೆ ಹೆದರಿಕೆ ಅದರದು. ವರ್ಷವಿಡೀ ಮಗನೆದುರು ಅವಳು ಅಪ್ಪ ಅಲ್ಲೇ ಉಳಕಂಡ ಎನ್ನುತ್ತಿದ್ದಳೇ ಹೊರತು ಬೇರೆ ಪದ ಬಳಸಿರಲಿಲ್ಲ. ಅವನೂ ಕೇಳಿರಲಿಲ್ಲ.

“ಯತ್ತ, ಇಲ್ಲಿ ನೋಡು. ಯಾರೂ ರಕ್ತ ತಗೀಲಿಲ್ಲ ಕಣ್ಲಾ.”

ಅವನು ಕಲ್ಲು ಕೆಳಗಿಟ್ಟ.

“ತಗಿಯೋನು ಊರಾಗಿರ್ನಿಲ್ಲ. ನಾನು ಸುಳ್ಳು ಹೇಳ್ದೆ. ಡಾಕ್ಟ್ರೂ ಹೇಳ್ದ, ಪಾಪ, ನನ್ ಮುಖ ನೋಡಿ. ಆ ಬಾಟ್ಲಿಯಾಗಿರೋದು ಯಾರ ಕಾಯ್ಲೆನೋ ಏನೋ. ಅದನ್ನ ಮಾಡಿದ್ದು ಕೋಳಿ, ಕಂಬಳಿ ಹೊದಿಸಿ ಕಳಿಸಿದ್ದೂ ಕೋಳಿ.”

“ಅಪ್ಪ ಇಲ್ವಾ ಅದ್ರಾಗೆ?”

“ಇಲ್ಲ.”

“ಅಂಗಾರೆ ಎಲ್ಲವ್ನೆ?”

ಮಂದೆಯ ಸದ್ದು, ಹುಣಸೆಮರದ ಕಡೆಯ ಮಾತು, ಎಲ್ಲ ಕೇಳಿಸುತ್ತಿತ್ತು. ಪುಟ್ಟಕ್ಕ ಮಗನ ಮೊಣಕಾಲ ಮೇಲೆ ಕೈಯಿಟ್ಟಳು.

“ಎಲ್ಲೂ ಇಲ್ಲ ಕಣಪ್ಪ. ಸತ್ತೋದ. ನಾನೇ ಈ ಕೈಯಾಗೆ ಮಣ್ಣಾಕಿ ಬಂದೆ.”

ಯತ್ತಪ್ಪ ಮರಿಯನ್ನು ಬಿಟ್ಟುಬಿಟ್ಟ. ಅದು ಕುಪ್ಪಳಿಸಿ ತಾಯಿಯ ಹತ್ತಿರ ಓಡಿತು. ಅವನು ಅದು ಹೋದ ಕಡೆಗೇ ನೋಡುತ್ತಿದ್ದ. ಕೊನೆಗೆ, “ಕೋಳೀನಾ?” ಎಂದು ಕೇಳಿದ.

“ಕೋಳಿ.”

“ಸರಿ ಅಂಗಾರೆ,” ಎಂದು ಎದ್ದ. ಅಂಗೈಯ ಉಣುಗಿನ ರಕ್ತವನ್ನು ಮಣ್ಣಿಗೆ ತಿಕ್ಕಿ, ತೋಳು ಮೇಲಕ್ಕೆ ಮಡಿಸುತ್ತ ನಡೆದ. ಹಟ್ಟಿಯಲ್ಲಿ ತಿಳಿದೂ ತಿಳಿದು ಕೋಳಿಯನ್ನು ಮೈಯೊಳಕ್ಕೆ ಬಿಟ್ಟುಕೊಳ್ಳಲು ಹೊರಟ ಮೊದಲನೆಯವನು ಅವನು. ಪುಟ್ಟಕ್ಕ ಹಿಂದೆ ಹಿಂದೆ ಹೋದಳು.

ಡಾಕ್ಟರು ಇನ್ನೂ ಕೂತಿದ್ದರು. ಓಬಳಯ್ಯ ಕೊನೆಯ ಸೂಜಿಯನ್ನು ಕುದಿಸಿ ಇಟ್ಟಿದ್ದ. ದಾಸಣ್ಣ ಬಾಟಲಿಯ ಪಕ್ಕದಲ್ಲಿ ಎಕ್ಕದ ಕಡ್ಡಿ ಹಿಡಿದು ಕಾವಲಿಗೆ ನಿಂತಂತೆ ನಿಂತಿದ್ದ.

“ಬಾರ್ಲಾ. ನಿಮ್ಮಪ್ಪನ್ನ ನೆನಸ್ಕಂಡು ಕೈಮುಗಿ.”

ಯತ್ತಪ್ಪ ಕೈಮುಗಿಯಲಿಲ್ಲ. ಡಾಕ್ಟರ ಮುಂದೆ ಕೂತು ತೋಳು ಚಾಚಿದ.

“ಅಪ್ಪ ಸತ್ತೋದ ತಾತ,” ಎಂದ. “ಚುಚ್ಚಿ ಸಾ.”

ಸೂಜಿ ಇಳಿದದ್ದನ್ನು ಪುಟ್ಟಕ್ಕ ಕಣ್ಣಾರೆ ಕಂಡಳು. ಮದ್ದು ಪೂರ್ತಿ ಒಳಗೆ ಹೋಗಿ, ಡಾಕ್ಟರು ಹತ್ತಿ ಒತ್ತುವವರೆಗೂ ನಿಂತಿದ್ದಳು. ಆಮೇಲೆ ಬೇಲಿಯ ಪಕ್ಕದಲ್ಲಿ ಕುಸಿದು ಕೂತು, ಬಾಯಿಬಿಟ್ಟು ಅಳಲು ಶುರುಮಾಡಿದಳು. ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ, ಮಣ್ಣು ಹಾಕುವಾಗ ಅತ್ತಿರಲಿಲ್ಲ. ಮಗನ ಮುಂದೆ ಅಳಬಾರದೆಂದು ವರ್ಷವೆಲ್ಲ ತಡೆದುಕೊಂಡಿದ್ದಳು. ಈಗ ತಡೆಯಲು ಕಾರಣವಿರಲಿಲ್ಲ. ಹೆಂಗಸರೆಲ್ಲ ಬಂದು ಸುತ್ತ ಕೂತರು. ಭೀಮಕ್ಕ ಅವಳ ತಲೆಯನ್ನು ತನ್ನ ಎದೆಗೊತ್ತಿಕೊಂಡು ಬೆನ್ನು ಸವರಿದಳು.

“ಅಳಬ್ಯಾಡ ಸುಮ್ಕಿರೇ,” ಎಂದಳು. “ಬಂದವ್ನೆ ಕಣೇ, ನಿನ್ ಗಂಡ.”